ಕುರಿ ಎಣಿಸದ ಹುಡುಗಿ

ಜಗಳೂರು ತಾಲ್ಲೂಕು
11-6-1979

ಪೂಜ್ಯ ಸರ್ವಮಂಗಳಮ್ಮ ಟೀಚರ್ ಅವರಿಗೆ ನಿಮ್ಮ ಶಿಷ್ಯೆ ಗಾದ್ರಮ್ಮ ಮಾಡುವ ನಮಸ್ಕಾರಗಳು.

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಕೇಳುತ್ತೇನೆ. ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ಪೆನ್ನು ಹಿಡಿದದ್ದು ಕಡಿಮೆ. ಸಾಲುಗಳು ಏರು ಹತ್ತಿ ಇಳಿದಂತೆ ಹೋಗುತ್ತವೆ. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ಗೊತ್ತಿಲ್ಲ. ನೀವು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದರೂ ನನಗೆ ಸಂತೋಷವೇ.

ನಿಮಗೆ ನನ್ನ ನೆನಪಿದೆಯೋ ಇಲ್ಲವೋ. ನೀವು ನಮ್ಮೂರ ಶಾಲೆಯಲ್ಲಿದ್ದಾಗ ನಾನು ನಿಮ್ಮ ಹತ್ತಿರ ಓದಿದವಳು. ಹೋದ ಮಾರ್ಚಿನಲ್ಲಿ ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮನ್ನು ಕಂಡೆ. ಮಾತಾಡಿಸಲು ನಾಚಿಕೆಯಾಗಿ ಕಂಬದ ಹಿಂದೆ ನಿಂತೆ. ನನ್ನ ಮಗಳೇ ಕಂಡಕ್ಟರನ್ನು ಕೇಳಿ ನಿಮ್ಮ ಶಾಲೆಯ ಹೆಸರು ತಿಳಿದು ಬಂದಳು.

ಅವಳ ವಿಷಯಕ್ಕೇ ಈ ಕಾಗದ. ಹೆಸರು ಅಂಜಿನಮ್ಮ, ಎಂಟು ವರ್ಷ. ದೀಪಾವಳಿ ಕಳೆದರೆ ನಮ್ಮ ಕಡೆ ಮೇವು ಒಣಗುತ್ತದೆ. ಮನೆಮಂದಿಯೆಲ್ಲ ಕುರಿ ಹೊಡೆದುಕೊಂಡು ಚನ್ನಗಿರಿ, ಬಸವಾಪಟ್ಟಣ, ಹೊನ್ನಾಳಿ, ನ್ಯಾಮತಿವರೆಗೆ ನಡೆಯುತ್ತೇವೆ. ಭತ್ತ ಕೊಯ್ದ ಗದ್ದೆಯವರು ಗೊಬ್ಬರಕ್ಕಾಗಿ ಮಂದೆಯನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಮಳೆ ಬಿದ್ದ ಮೇಲೆ ಹಿಂದಕ್ಕೆ. ಹೀಗಾಗಿ ಎರಡು ವರ್ಷವೂ ಶಾಲೆಯಲ್ಲಿ ಅವಳ ಹೆಸರು ಹೊಡೆದುಹಾಕಿದರು. ಈ ಸಲ ಮೇಷ್ಟ್ರು, "ಇದೇನು ಶಾಲೆಯೋ ಛತ್ರವೋ? ಬೇಕಾದಾಗ ಬರಾಕೆ, ಬ್ಯಾಡಾದಾಗ ಹೋಗಾಕೆ! ಮತ್ತೆ ಒಂದನೇ ಕ್ಲಾಸಿಗೇ ಕೂರ್ಸಿ" ಅಂದರು. ಅಂಜಿನಿ ಕೇಳಿಸಿಕೊಂಡಳು. "ಒಂದನೇ ಕ್ಲಾಸಿನಾಗೆ ಅ ಆ ಹೇಳಿಕೊಡ್ತಾರೆ. ಅದು ನಂಗೆ ಬತ್ತೈತೆ. ಬರೋದನ್ನೇ ಎಷ್ಟು ಸಲ ಕಲೀಲಿ?" ಎಂದವಳು ಮಾರನೆಯ ದಿನದಿಂದ ಹೋಗಲಿಲ್ಲ.

ಏನು ಮಾಡಬೇಕೋ ತಿಳಿಯದು. ಕೇಳಲು ನನಗೆ ನೀವಲ್ಲದೆ ಯಾರಿದ್ದಾರೆ.

ಇಂತಿ,
ಗಾದ್ರಮ್ಮ

ಚನ್ನಗಿರಿ
25-6-1979

ಪ್ರೀತಿಯ ಗಾದ್ರಿ,

ನೆನಪಿಲ್ಲದೆ ಏನು? ಮಗ್ಗಿ ಹೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದವಳು ನೀನು. ನಿನ್ನನ್ನು ನಾಲ್ಕಕ್ಕೇ ಬಿಡಿಸಿದ್ದಕ್ಕೆ ನಿಮ್ಮಪ್ಪನ ಮೇಲೆ ನನಗೆ ಈಗಲೂ ಸಿಟ್ಟಿದೆ. ಅಕ್ಷರ ಪರವಾಗಿಲ್ಲ, ಸಾಲು ಸೊಟ್ಟಗಾಗುತ್ತದೆ, ಅಡಿಯಲ್ಲಿ ಗೆರೆಯ ಕಾಗದ ಇಟ್ಟುಕೊ.

ಮಗಳ ವಿಷಯದಲ್ಲಿ ಯೋಚಿಸುವುದೇ ಬೇಡ. ಆ ಮಗು ಕುರಿಯ ಹಿಂದೆ ಕಳೆದುಹೋಗಬಾರದು. ಇಲ್ಲಿಗೆ ಕಳಿಸು. ನನ್ನ ಮನೆಯಲ್ಲಿ ನಾನೊಬ್ಬಳೇ. ಊಟ, ಬಟ್ಟೆ, ಪುಸ್ತಕ ನನಗಿರಲಿ. ನಿನ್ನಂತೆ ಅವಳೂ ಅರ್ಧಕ್ಕೆ ನಿಲ್ಲುವುದನ್ನು ನಾನು ನೋಡಲಾರೆ. ಎಂದು ಕರೆತರುತ್ತೀ, ಬರೆ.

ನಿನ್ನ,
ಸರ್ವಮಂಗಳಮ್ಮ

ಜಗಳೂರು ತಾಲ್ಲೂಕು
19-8-1979

ಪೂಜ್ಯ ಟೀಚರ್ ಅವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ನಿಮ್ಮ ಕಾಗದವನ್ನು ಮನೆಯಲ್ಲಿ ಓದಿ ಹೇಳಿದೆ. ನನ್ನ ಮಾವ, "ಮಗಿನ್ನ ಒಯ್ತಾರಂತಾ? ಒಯ್ಲಿ. ಬದಲಿಗೆ ಆ ಟೀಚರಮ್ಮನ್ನ ಇಲ್ಲಿಗೆ ಬರಾಕೆ ಹೇಳು, ಮರಿ ಕಾಯಾಕೆ ಜನ ಸಾಲ್ತಿಲ್ಲ" ಅಂದರು. ನಮ್ಮತ್ತೆ ಕಾಟಮ್ಮ ಬಾಯಲ್ಲಿದ್ದ ಎಲೆಅಡಿಕೆ ಬೀಳುವಂತೆ ನಕ್ಕರು. ತಪ್ಪು ತಿಳಿಯಬೇಡಿ, ನಮ್ಮ ಮಾವನ ಮಾತೇ ಹಾಗೆ.

ಕರೆತರುವ ದಿನ ಕೇಳಿದ್ದೀರಿ. ಅದಕ್ಕೆ ಮೊದಲು ಅವಳ ವಿಷಯ ನಾಲ್ಕು ಮಾತು ಬರೆಯುತ್ತೇನೆ, ನೀವೇ ನೋಡಿ.

ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲುಗಳೇ ಅವಳ ಮೊದಲ ಪುಸ್ತಕ. ಆರು ವರ್ಷದವಳು ಒಂದು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಅವ್ವಾ, ಇದು ಏನಂತೈತೆ?" ಎಂದಳು. "ಹೊನ್ನಾಳಿ ಹದಿನಾಲ್ಕು" ಎಂದೆ. ಮುಂದಿನ ಕಲ್ಲಿಗೆ ನಮಗಿಂತ ಮುಂಚೆ ಓಡಿ ಹೋಗಿ ನಿಂತಿದ್ದಳು. "ಇದೂ ಹೊನ್ನಾಳಿನೇ ಅಂತೈತೆ, ಆದ್ರೆ ಕೊನೇದು ಬ್ಯಾರೆ ಆಗೈತೆ." ಹೊನ್ನಾಳಿ ಮುಟ್ಟುವಷ್ಟರಲ್ಲಿ ಹದಿನಾಲ್ಕರಿಂದ ಒಂದಕ್ಕೆ ಎಣಿಸಲು ಬಂದಿತ್ತು. ಒಂದರಿಂದ ಹದಿನಾಲ್ಕಕ್ಕೆ ಎಣಿಸುವುದನ್ನು ತಿರುಗಿ ಬರುವಾಗ ಕಲಿತಳು. ಊರೊಳಗೆ ಹೋಟೆಲಿನ ಬೋರ್ಡು ನೋಡಿ, "ಹೊನ್ನಾಳಿಯ 'ಹೊ'ಗೆ ಇಲ್ಲಿ ಬಾಲ ಬಂದೈತೆ" ಎಂದಳು. ದೀರ್ಘ ಅವಳಿಗೆ ತಿಳಿದದ್ದು ಹಾಗೆ. ಉಳಿದದ್ದನ್ನು ನಾನು ಇದ್ದಿಲಿನಲ್ಲಿ ಬಂಡೆಯ ಮೇಲೆ ಬರೆದು ತೋರಿಸಿದೆ, ನನಗೆ ಬರುವಷ್ಟನ್ನು.

ಸಂಜೆ ಕುರಿಗಳನ್ನು ಬಲೆಯ ದೊಡ್ಡಿಯೊಳಗೆ ಬಿಡುವಾಗ ಅವಳು ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡುತ್ತಾಳೆ. "ಕಪ್ಪುಗಿವಿಯ ಸಣ್ಣಮಗಳು ಬಂದಿಲ್ಲ" ಎನ್ನುತ್ತಾಳೆ. ಹೋಗಿ ನೋಡಿದರೆ ಅದು ಜಾಲಿಮುಳ್ಳಿನಲ್ಲಿ ಸಿಕ್ಕಿಕೊಂಡಿರುತ್ತದೆ. ಯಾವುದರ ಅಜ್ಜಿ ಯಾವುದು ಎಂದು ಕೇಳಿ, ಹೇಳುತ್ತಾಳೆ. ನನಗೆ ಅಷ್ಟು ತಿಳಿಯದು. ಅವಳನ್ನು ನೋಡುತ್ತಾ ಎಷ್ಟೋ ಸಲ ಒಲೆಯ ಮೇಲಿನ ಅಂಬಲಿ ಉಕ್ಕಿಸಿದ್ದೇನೆ.

ಡಿಸೆಂಬರ್ ಕೊನೆಯಿಂದ ನಾವು ಕತ್ತಲಗೆರೆಯಲ್ಲಿ ಜಯಪ್ಪನವರ ಗದ್ದೆಯಲ್ಲಿರುತ್ತೇವೆ. ಕಾಗದ ಅವರ ಮನೆಗೆ ಬರೆದರೆ ಸಿಗುತ್ತದೆ.

ಇಂತಿ,
ಗಾದ್ರಮ್ಮ

ಚನ್ನಗಿರಿ
6-1-1980

ಪ್ರೀತಿಯ ಗಾದ್ರಿ,

ನಿನ್ನ ಕಾಗದವನ್ನು ಹೆಡ್‌ಮೇಷ್ಟ್ರಿಗೆ ಓದಿ ಹೇಳಿದೆ. ಇಷ್ಟು ಬುದ್ಧಿ ಇರುವ ಮಗುವನ್ನು ಬಂಡೆಯ ಮೇಲೆ ಬರೆಯಲು ಬಿಡುವುದು ಅನ್ಯಾಯ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಸಣ್ಣದೊಂದು ಪರೀಕ್ಷೆ ಮಾಡಿ, ತೇರ್ಗಡೆಯಾದರೆ ಜೂನ್‌ಗೆ ನೇರ ಮೂರನೇ ಕ್ಲಾಸಿಗೆ ತೆಗೆದುಕೊಳ್ಳಲು ಅವರು ಒಪ್ಪಿದ್ದಾರೆ. ಇದು ಸುಲಭದ ಮಾತಲ್ಲ, ನಾನು ಬಹಳ ಹೇಳಬೇಕಾಯಿತು. ಫೆಬ್ರವರಿ ಒಂದನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಅವಳನ್ನು ಕರೆದುಕೊಂಡು ಬಾ. ತಲೆಗೆ ಎಣ್ಣೆ ಹಚ್ಚಿ ಬಾಚಿರಲಿ.

ನಿನ್ನ,
ಸರ್ವಮಂಗಳಮ್ಮ

ಚನ್ನಗಿರಿ
3-2-1980

ಗಾದ್ರಮ್ಮ,

ಮೊನ್ನೆ ನೀವು ಹೇಳದೆ ಹೊರಟುಹೋದಿರಿ, ಅದಕ್ಕೆ ಬರೆಯುತ್ತಿದ್ದೇನೆ.

ಅಂಜಿನಿ ಪಾಠ ಓದಿದಳು, ಚೆನ್ನಾಗಿಯೇ ಓದಿದಳು. ಲೆಕ್ಕಕ್ಕೆ ಬಂದಾಗ ಕಲ್ಲಾದಳು. ಕೇಳಿದ್ದು ಒಂದೇ ಒಂದು ಕಳೆಯುವ ಲೆಕ್ಕ, ಎರಡನೇ ಕ್ಲಾಸಿನವರೂ ಮಾಡುವಂಥದ್ದು. ಹೆಡ್‌ಮೇಷ್ಟ್ರು ಮೂರು ಸಲ ಹೇಳಿದರು. ಕಣ್ಣಲ್ಲಿ ನೀರು ತುಂಬಿಕೊಂಡು, ಸೀಮೆಸುಣ್ಣ ಮೇಜಿನ ಮೇಲಿಟ್ಟು ಹೊರಗೆ ಓಡಿದಳು. ನೀನು ಬೇವಿನ ಮರದ ಕೆಳಗೆ ತಲೆ ತಗ್ಗಿಸಿ ನಿಂತಿದ್ದೆ. ಒಳಗೆ ಬಾ ಎಂದು ಎಷ್ಟು ಕರೆದರೂ ಬರಲಿಲ್ಲ.

ನನಗೆ ಬೇಸರವಾದದ್ದು ಮಗುವಿನ ಮೇಲಲ್ಲ. ತಾಯಿಯ ಪ್ರೀತಿಯಲ್ಲಿ ನೀನು ಇದ್ದದ್ದಕ್ಕೆ ಸ್ವಲ್ಪ ಸೇರಿಸಿ ಬರೆದಿರಬೇಕು, ನಾನು ಅದನ್ನು ನಂಬಿ ಹೆಡ್‌ಮೇಷ್ಟ್ರ ಮುಂದೆ ಹೇಳಿಬಿಟ್ಟೆ. ಹೋಗಲಿ. ಒಂದನೇ ಕ್ಲಾಸಿಗೆ ಸೇರಿಸಲು ಒಪ್ಪಿಗೆಯಿದ್ದರೆ ತಿಳಿಸು.

ಸರ್ವಮಂಗಳಮ್ಮ

ಚನ್ನಗಿರಿ
14-4-1980

ಗಾದ್ರಿ,

ಎರಡು ತಿಂಗಳಾಯಿತು, ಉತ್ತರವಿಲ್ಲ. ಜಯಪ್ಪನವರ ಮನೆಯವರು ನೀವು ಹೊನ್ನಾಳಿ ಕಡೆ ಹೋದಿರಿ ಎಂದರು. ಇದನ್ನು ನಿಮ್ಮೂರಿಗೇ ಬರೆಯುತ್ತಿದ್ದೇನೆ. ಮಗು ಚೆನ್ನಾಗಿದೆಯೇ, ಅಷ್ಟು ತಿಳಿಸು ಸಾಕು.

ಸ.ಮಂ.

ಜಗಳೂರು ತಾಲ್ಲೂಕು
22-6-1980

ಪೂಜ್ಯ ಟೀಚರ್ ಅವರಿಗೆ ಗಾದ್ರಮ್ಮ ಮಾಡುವ ನಮಸ್ಕಾರಗಳು.

ಊರಿಗೆ ಬಂದ ಮೇಲೆ ನಿಮ್ಮ ಕಾರ್ಡು ಕೈಗೆ ಸಿಕ್ಕಿತು. ಅಂಜಿನಿ ಚೆನ್ನಾಗಿದ್ದಾಳೆ. ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ನಿಮ್ಮ ಫೆಬ್ರವರಿ ಕಾಗದ ಓದಿ ನಾನೇ ಸುಳ್ಳು ಬರೆದೆನೇನೋ ಅನ್ನಿಸಿತು. ಮಗಳಿಗೆ ಗೊತ್ತಾಗದಂತೆ ಅವಳನ್ನು ಪರೀಕ್ಷೆ ಮಾಡಲು ಶುರು ಮಾಡಿದೆ. ಮೆಣಸಿನಕಾಯಿ ಎಣಿಸು, ಸೌದೆ ಎಣಿಸು, ಇದರಲ್ಲಿ ಇಷ್ಟು ತೆಗೆದರೆ ಎಷ್ಟು ಎಂದು. ಎಲ್ಲವನ್ನೂ ಸರಿಯಾಗಿ ಹೇಳಿದಳು. ಆಮೇಲೆ ಒಂದು ದಿನ, "ಅವ್ವಾ, ನೀನೂ ಮೇಷ್ಟ್ರಂಗೆ ಆಗ್ಬಿಟ್ಟೆಯಲ್ಲೇ" ಎಂದಳು. ಆ ಮಾತು ನನಗೆ ಬಹಳ ನಾಟಿತು.

ಹೊನ್ನಾಳಿ ಸೇತುವೆ ದಾಟಿ ಮಂದೆ ನೀರು ಕುಡಿಯುತ್ತಿದ್ದಾಗ ಮಾವ ಕೇಳಿದರು: "ಅಲ್ಲವ್ವಾ, ಅವತ್ತು ಶಾಲೆಯಾಗೆ ನಿನ್ನ ಬಾಯಿ ಕಟ್ಟಿಸಿದ ಆ ಲೆಕ್ಕ ಯಾವುದು?" ಅವಳು ಕುರಿಗಳ ಕಡೆ ನೋಡಿ, ತಾತನನ್ನು ಕೈಹಿಡಿದು ದೂರ ಎಳೆದುಕೊಂಡು ಹೋಗಿ, ಕಿವಿಯಲ್ಲಿ ಹೇಳಿದಳು. ನಾನು ಹತ್ತಿರವಿದ್ದೆ, ಕೇಳಿಸಿತು. "ನಿಮ್ಮ ತಾತನ ಹತ್ತಿರ ನಲವತ್ತು ಕುರಿ ಇವೆ. ತೋಳ ಬಂದು ಏಳನ್ನು ಹಿಡಿದುಕೊಂಡು ಹೋಯಿತು. ಉಳಿದವು ಎಷ್ಟು?"

ಟೀಚರ್, ನಮ್ಮಲ್ಲಿ ಕುರಿಯನ್ನು ಬಾಯಿಬಿಟ್ಟು ಎಣಿಸುವುದಿಲ್ಲ. ಎಣಿಸಿದರೆ ಕಡಿಮೆಯಾಗುತ್ತವೆ ಎಂದು ಹಿರಿಯರ ನಂಬಿಕೆ. ಮುಖ ನೋಡಿಯೇ ಗುರುತು. ಆ ಪ್ರಾಣಿಯ ಹೆಸರನ್ನಂತೂ ಎತ್ತುವುದೇ ಇಲ್ಲ. ಈಗ ನಾನು ಬರೆದಿರುವುದೂ ಮನೆಯಲ್ಲಿ ತಿಳಿದರೆ ಬಯ್ಯುತ್ತಾರೆ.

"ನಿಂಗೆ ಉತ್ತರ ಬರ್ತಿರಲಿಲ್ವೇನೆ?" ಎಂದೆ.

"ಮೂವತ್ಮೂರು. ಅವರು ಕೇಳಿ ಮುಗಿಸಾಕೆ ಮುಂಚೇನೇ ಬಂದಿತ್ತು. ಆದ್ರೆ ಅಂದ್ಬಿಟ್ರೆ, ಏಳು ಹೋದ್ವು ಅಂತ ನಾನೇ ಒಪ್ಕೊಂಡಂಗೆ ಅಲ್ವಾ?"

ಮಾವ ಅವಳ ತಲೆ ಸವರಿ, "ಭಲೇ! ಒಂದು ಕ್ಲಾಸು ಹೋದ್ರೆ ಹೋಗ್ಲಿ, ನಮ್ಮ ಏಳು ಕುರಿ ಉಳಿಸಿದೆ ಬಿಡು" ಅಂದರು.

ಇದು ಏಪ್ರಿಲ್‌ನಲ್ಲೇ ತಿಳಿಯಿತು. ನಿಮ್ಮಂಥ ದೊಡ್ಡವರಿಗೆ ಇದನ್ನು ಹೇಗೆ ಬರೆಯುವುದೆಂದು ಇಷ್ಟು ದಿನ ಕೈ ಬರಲಿಲ್ಲ. ತಪ್ಪಿದ್ದರೆ ಮನ್ನಿಸಿ.

ಗಾದ್ರಮ್ಮ

ಚನ್ನಗಿರಿ
5-7-1980

ಪ್ರೀತಿಯ ಗಾದ್ರಿ,

ಮನ್ನಿಸಬೇಕಾದವಳು ನೀನು. ಆ ಲೆಕ್ಕ ಹೆಡ್‌ಮೇಷ್ಟ್ರದಲ್ಲ, ನನ್ನದು. ಹಿಂದಿನ ದಿನ ನಾನೇ ಬರೆದುಕೊಟ್ಟಿದ್ದೆ. ಮಗು ಕುರಿಗಳ ನಡುವೆ ಬೆಳೆದದ್ದು, ಕುರಿಯ ಲೆಕ್ಕವಾದರೆ ಸುಲಭವಾಗುತ್ತದೆ ಎಂದು. ಫೆಬ್ರವರಿಯ ಕಾಗದದಲ್ಲಿ ಅದನ್ನು ನಾನು ಹೇಳಲೇ ಇಲ್ಲ.

ನಿನ್ನ ಕಾಗದ ಬಂದ ದಿನ ಅದೇ ಲೆಕ್ಕವನ್ನು ನನ್ನ ನಾಲ್ಕನೇ ಕ್ಲಾಸಿಗೆ ಹಾಕಿದೆ. ನಾನು ಬೋರ್ಡಿನಿಂದ ತಿರುಗುವಷ್ಟರಲ್ಲಿ ಇಡೀ ಕ್ಲಾಸು "ಮೂವತ್ಮೂರು" ಎಂದು ಕೂಗಿತು. ಆ ಏಳು ಏನಾದವು ಎಂದು ಒಬ್ಬರೂ ಕೇಳಲಿಲ್ಲ. ಹದಿನೆಂಟು ವರ್ಷದಿಂದ ನಾನು ಕೇಳುವುದನ್ನು ಕಲಿಸಿಯೇ ಇಲ್ಲ, ಹೇಳುವುದನ್ನು ಮಾತ್ರ ಕಲಿಸಿದ್ದೇನೆ.

ಇನ್ನೊಂದು. ಮಳೆಗಾಲದಲ್ಲಿ ನೀನು ಕಂಬಳಿ ಹೊದ್ದು ಬರುತ್ತಿದ್ದೆ. ಒದ್ದೆ ಉಣ್ಣೆಯ ವಾಸನೆ ಎಂದು ಬೇರೆ ಮಕ್ಕಳು ಗಲಾಟೆ ಮಾಡಿದಾಗ ನಿನ್ನನ್ನು ಎಬ್ಬಿಸಿ ಬಾಗಿಲ ಹತ್ತಿರ ಕೂರಿಸಿದವಳು ನಾನು. ಮುಂದಿನ ತಿಂಗಳಿಂದ ನೀನು ಬರಲಿಲ್ಲ. ಇಷ್ಟು ವರ್ಷ ನಿಮ್ಮಪ್ಪನನ್ನು ಬಯ್ದುಕೊಂಡಿದ್ದೇನೆ. ನಿಜ ಹೇಳು, ಶಾಲೆ ಬಿಡಿಸಿದ್ದು ಅವರೋ, ನಾನೋ?

ಸರ್ವಮಂಗಳಮ್ಮ

ಜಗಳೂರು ತಾಲ್ಲೂಕು
30-7-1980

ಪೂಜ್ಯ ಟೀಚರ್ ಅವರಿಗೆ,

ಬಾಗಿಲ ಹತ್ತಿರ ಗಾಳಿ ಚೆನ್ನಾಗಿ ಬರುತ್ತಿತ್ತು. ಅಲ್ಲಿಂದ ರಸ್ತೆಯೂ ಕಾಣುತ್ತಿತ್ತು. ನೀವು ಮಗ್ಗಿ ಹೇಳಿಸುವುದು ಅಲ್ಲಿಗೂ ಕೇಳುತ್ತಿತ್ತು, ಅದರಲ್ಲಿ ಹದಿನಾರರವರೆಗೂ ನನಗೆ ಇವತ್ತಿಗೂ ಬರುತ್ತದೆ. ನಿಮ್ಮಿಂದ ಕಲಿತದ್ದನ್ನೇ ಬಂಡೆಯ ಮೇಲೆ ಬರೆದದ್ದು. ಹಳೆಯದನ್ನು ನೆನೆಸಿಕೊಂಡು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಈ ಸಲ ಜನವರಿ, ಫೆಬ್ರವರಿಗೆ ನ್ಯಾಮತಿ ಹತ್ತಿರ ಇರುತ್ತೇವೆ. ಎರಡು ದಿನ ಬಂದರೆ ಅಂಜಿನಿ ನಿಮಗೆ ಮಂದೆ ತೋರಿಸುತ್ತಾಳೆ. ಮಲಗಲು ಗುಡಾರವೇ, ಕಂಬಳಿಯೇ. ಕರೆಯಬಾರದಿತ್ತೇನೋ, ಕರೆದುಬಿಟ್ಟಿದ್ದೇನೆ.

ಗಾದ್ರಮ್ಮ

ಚನ್ನಗಿರಿ
16-2-1981

ಪ್ರೀತಿಯ ಗಾದ್ರಿ,

ನ್ಯಾಮತಿಯಿಂದ ಬಂದು ವಾರವಾಯಿತು. ಸೀರೆಯ ಅಂಚಿನಲ್ಲಿ ಇನ್ನೂ ಉತ್ತರಾಣಿ ಮುಳ್ಳಿದೆ. ಕೀಳುವ ಮನಸ್ಸಾಗಿಲ್ಲ.

ನಾನು ಗದ್ದೆಯ ಬದುವಿಗೆ ಕಾಲಿಟ್ಟ ಕೂಡಲೇ ನಿಮ್ಮ ಮಾವ ಪಾಲಣ್ಣನವರು ಕೇಳಿದ್ದು ನೆನೆದು ಈಗಲೂ ನಗು ಬರುತ್ತದೆ. "ಬರ್ರಿ ಟೀಚರಮ್ಮಾ, ನಿಮ್ಮನ್ನ ಯಾವ ಕ್ಲಾಸಿಗೆ ಕೂರ್ಸಾನ? ಕುರಿ ಯಾವುದು ಮೇಕೆ ಯಾವುದು ಅಷ್ಟಾದ್ರೂ ಗೊತ್ತೈತಾ?"

"ಒಂದನೇ ಕ್ಲಾಸಿಗೇ ಕೂರ್ಸಿ" ಎಂದೆ. ಅವರು ಹೂಂ ಎಂದು ನನ್ನ ಕೈಗೆ ಕೋಲು ಕೊಟ್ಟರು!

ಅಂಜಿನಿ ನನಗೊಂದು ಮರಿ ತೋರಿಸಿ, "ಇದರ ತಾಯಿ ಯಾವುದು ಹೇಳ್ರಿ" ಎಂದಳು. ಬಣ್ಣ ನೋಡಿ ಹೇಳಿದೆ, ತಪ್ಪು. ಹತ್ತಿರ ನಿಂತದ್ದನ್ನು ಹೇಳಿದೆ, ಅದೂ ತಪ್ಪು. ಮೂರನೆಯದೂ ತಪ್ಪಾದಾಗ ನನಗೆ, ಈ ವಯಸ್ಸಿನಲ್ಲಿ, ಮುಖ ಬಿಸಿಯಾಯಿತು. ಅವಳು ನಗಲಿಲ್ಲ, ಉತ್ತರವನ್ನೂ ಹೇಳಲಿಲ್ಲ. "ನಾಳಿಕ್ಕೂ ಇಲ್ಲೇ ಇರ್ತವೆ. ನೋಡ್ತಿರ್ರಿ, ಬತ್ತೈತೆ" ಎಂದು ತನ್ನ ಕೆಲಸಕ್ಕೆ ಹೋದಳು. ಮರುದಿನ ಮಧ್ಯಾಹ್ನ ನನಗೆ ತಾನಾಗಿ ತಿಳಿಯಿತು. ಮರಿ ಕೂಗಿದಾಗ ಮಂದೆಯಲ್ಲಿ ಒಂದೇ ಒಂದು ಕುರಿ ಮೇಯುವುದನ್ನು ನಿಲ್ಲಿಸಿತು. ಅದನ್ನು ಅವಳಿಗೆ ಹೇಳಲು ನಾನು ಗದ್ದೆಯಲ್ಲಿ ಓಡಿದೆ. ನೀನು ನೋಡಿರಬೇಕು.

ನಾಳೆಗೂ ಇಲ್ಲೇ ಇರುತ್ತದೆ, ನೋಡುತ್ತಿರು ಎಂದು ನಾನು ಯಾವ ಮಗುವಿಗೂ ಹೇಳಿದವಳಲ್ಲ.

ಆದ್ದರಿಂದ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಅವಳನ್ನು ಕಳಿಸಬೇಡ. ಹಾಗೆ ಕಲಿಯುವ ಮಗುವನ್ನು ತಂದು ಬೆಂಚಿನ ಮೇಲೆ ಕೂರಿಸಿ ನಾನು ಕೆಡಿಸಲಾರೆ. ನಾನು ಕೊಟ್ಟು ಬಂದ ರಾಜ್ಯದ ನಕ್ಷೆಯನ್ನು ಅವಳು ಒಂದು ಸಲ ನೋಡಿ ಮಡಚಿಟ್ಟುಬಿಟ್ಟಳು. ಅದೇ ಸರಿ, ಅವಳಿಗೆ ನೆಲವೇ ಸಾಕು.

ನಿನ್ನ,
ಸರ್ವಮಂಗಳಮ್ಮ

ಜಗಳೂರು ತಾಲ್ಲೂಕು
8-6-1981

ಪೂಜ್ಯ ಟೀಚರ್ ಅವರಿಗೆ ನಿಮ್ಮ ಗಾದ್ರಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದವನ್ನು ನಾನೊಬ್ಬಳೇ ಎಷ್ಟು ಸಲ ಓದಿದೆನೋ. ನನ್ನ ಮಗಳನ್ನು ನೀವು ಹೊಗಳಿದ ಸಾಲುಗಳು ಬಾಯಿಪಾಠವಾಗಿವೆ. ಆದರೆ ಒಂದು ವಿಷಯದಲ್ಲಿ ನೀವು ತಪ್ಪು ತಿಳಿದಿದ್ದೀರಿ. ನಿಮಗೆ ಹೀಗೆ ಬರೆಯುವಷ್ಟು ಧೈರ್ಯ ನನಗೆ ಬಂದಿದೆ ನೋಡಿ.

ಅವಳು ನಕ್ಷೆಯನ್ನು ಮಡಚಿಟ್ಟದ್ದು ಬೇಡವೆಂದಲ್ಲ. ಗಾಳಿಗೆ ಹರಿಯುತ್ತದೆ ಎಂದು. ನೀವು ಬಸ್ಸು ಹತ್ತಿದ ಮೇಲೆ ಬಿಚ್ಚಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ಕೂತಳು. ಜಗಳೂರಿನ ಮೇಲೆ ಹೆಬ್ಬೆರಳಿಟ್ಟು, ನ್ಯಾಮತಿಗೆ ಕಿರುಬೆರಳು ಚಾಚಿದಳು. "ಇಷ್ಟೇನಾ ಅವ್ವಾ? ನಾವು ಇಡೀ ಬ್ಯಾಸಿಗೆ ನಡಿಯೋದು ಒಂದು ಗೇಣಾ?" ಎಂದು ನನ್ನ ಮುಖ ನೋಡಿದಳು. ಆಮೇಲೆ ಆ ಗೇಣಿನ ಆಚೆಗಿರುವುದನ್ನೇ ಕೇಳುತ್ತಿದ್ದಾಳೆ.

ತಿರುಗಿ ಬರುವಾಗ ಹೊನ್ನಾಳಿ ಸೇತುವೆಯ ಮೇಲೆ ಮಾವನಿಗೂ ಅವಳಿಗೂ ನಡೆದ ಮಾತು ಇದು.

"ತಾತಾ, ಈ ಹೊಳೆ ಎಲ್ಲಿಗೆ ಹೋಗ್ತೈತೆ?"

"ಹರಿಹರಕ್ಕೆ."

"ಆಮ್ಯಾಲೆ?"

"ಆಮ್ಯಾಲೆ ನಂಗೇನು ಗೊತ್ತವ್ವಾ. ಅಲ್ಲಿಗೆ ನಮ್ಮ ಕುರಿ ಹೋಗಿಲ್ಲ."

ಅವಳು ಕಂಬಿ ಹಿಡಿದು ನೀರು ನೋಡುತ್ತಾ ನಿಂತಳು. ಹಿಂದೆ ಬಸ್ಸು ಹಾರನ್ ಹೊಡೆಯುತ್ತಿತ್ತು, ಮಂದೆ ಮುಂದೆ ಹೋಗಿತ್ತು. ಮಂದೆ ಬಿಟ್ಟು ಅವಳು ಹಿಂದೆ ನಿಂತದ್ದು ಅದೇ ಮೊದಲು. "ಟೀಚರಿಗೆ ಗೊತ್ತಿರ್ತೈತೆ. ನಾನು ಹೋಗಿ ಕೇಳ್ಕೊಂಡು ಬರ್ತೀನಿ" ಎಂದಳು.

ಅತ್ತೆ ಒಪ್ಪಲಿಲ್ಲ. "ಹೆಣ್ಣು ಹುಡುಗಿ, ಕಂಡೋರ ಊರಾಗೆ ಎಂಗಿರ್ತಾಳೆ" ಎಂದು ಮೂರು ದಿನ ಮಾತು ಬಿಟ್ಟರು. ಅಂಜಿನಿಯ ಅಪ್ಪ ಅವಳ ಚಪ್ಪಲಿಗೆ ಹೊಸ ಅಟ್ಟೆ ಹೊಲಿಸಿ ತಂದಿಟ್ಟರು. ಮಾವ ಮಾತ್ರ, "ನಾವು ಮಂದೇನ ಬರೇ ಇದ್ದ ಮೇವಿಗೇ ಕಟ್ಟಿ ಹಾಕ್ತೀವೇನು? ಮುಗಿದ್ರೆ ಮುಂದಕ್ಕೆ ಹೊಡೀತೀವಿ. ಇದರ ಮೇವು ನಮ್ತಾವ ಮುಗೀತು ಬಿಡ್ರಿ" ಅಂದರು. ಹಾಗಂದು ಹೊರಗೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ.

ಮುಂದಿನ ಸೋಮವಾರ ಅವಳನ್ನು ನಾನೇ ಕರೆದುಕೊಂಡು ಬರುತ್ತೇನೆ. ನೀವು ಕೆಡಿಸಲಾರೆ ಎಂದು ಬರೆದಿರಲ್ಲ, ಅದನ್ನು ಬರೆದವರ ಹತ್ತಿರವೇ ಬಿಡಲು ನನಗೆ ಧೈರ್ಯ. ಯಾವ ಕ್ಲಾಸಿನಲ್ಲಾದರೂ ಕೂರಿಸಿ, ಅವಳು ತಾನೇ ಎದ್ದು ಮುಂದಕ್ಕೆ ಹೋಗುತ್ತಾಳೆ. ಪ್ರಶ್ನೆ ಜಾಸ್ತಿ ಕೇಳುತ್ತಾಳೆ, ಬೇಜಾರು ಮಾಡಿಕೊಳ್ಳಬೇಡಿ. ಡಿಸೆಂಬರಿನಲ್ಲಿ ಮಂದೆ ನಿಮ್ಮೂರ ಮೇಲೆಯೇ ಹಾಯುತ್ತದೆ. ಆಗ ಅವಳು ನಮ್ಮ ಜೊತೆ ನಡೆಯುತ್ತೇನೆಂದರೆ ಕಳಿಸಿ, ಹೆಸರು ಹೊಡೆದುಹಾಕಬೇಡಿ. ನಿಮ್ಮ ಹತ್ತಿರವೇ ಇರುತ್ತೇನೆಂದರೆ ಇರಲಿ. ಅವಳು ಯಾವುದನ್ನು ಹೇಳಿದರೂ ಅಳದಿರಲು ನಾನು ಈಗಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.

ನನಗಿರುವುದು ಒಂದೇ ಹೆದರಿಕೆ. ಹೊಸ ಮರಿಗಳು ಹುಟ್ಟುತ್ತವೆ, ಹಳೆಯವು ಬದಲಾಗುತ್ತವೆ. ಅವಳು ಬಂದು ಬಲೆಯ ಬಾಗಿಲಲ್ಲಿ ನಿಂತಾಗ ಮುಖಗಳು ಗೊತ್ತಾಗದೆ ಹೋದರೆ?

ಇವತ್ತು ಬೆಳಿಗ್ಗೆ ಅವಳಿನ್ನೂ ಮಲಗಿದ್ದಾಗ, ಹೋದ ವಾರ ಹುಟ್ಟಿದ ಒಂದು ಹೆಣ್ಣುಮರಿಯನ್ನು ಹಿಡಿದು ತೊಡೆಯ ಮೇಲೆ ಇಟ್ಟುಕೊಂಡು, ಅಂಜಿನಿಯದು ಎಂದು ಅದರ ಎಡಗಿವಿಗೆ ಸಣ್ಣ ಗುರುತಿನ ಕಚ್ಚು ಹಾಕಿದೆ. ಎರಡು ಹನಿ ರಕ್ತ ಬಂತು. ಅರಿಶಿನ ಒತ್ತಿ ಬಿಟ್ಟೆ.

ನಿಮ್ಮ,
ಗಾದ್ರಮ್ಮ